ಡಬ್ಬಿ ಬ್ಯಾರೆ, ಟ್ಯೂಬು ಬ್ಯಾರೆ

ಎಳೆಕೂಸು ಇರೋ ಮನ್ಯಾಗ ಒಂದು ವ್ಯಾಸಲೀನ್ ಡಬ್ಬಿ ಇದ್ದೇ ಇರತದ. ಅದು ಎಲ್ಲಿಂದ ಬಂತು ಗೊತ್ತೇನ್ರಿ?

1859ರಾಗ ಅಮೆರಿಕಾದ ಪೆನ್ಸಿಲ್ವೇನಿಯಾದಾಗ, ಟೈಟಸ್‌ವಿಲ್ ಅನ್ನೋ ಊರಾಗ, ನೆಲದಿಂದ ಕಚ್ಚಾ ಎಣ್ಣಿ ಹತ್ತಿತು. ಪಂಪಿನ ಸಲಾಕಿಗೆ ಮೆತ್ಕೊಳ್ಳೋ ಕರೀ ಮೇಣ ಕೆಲಸಗಾರರಿಗೆ ದೊಡ್ಡ ಕಾಟ. ಆದ್ರ ಕೈ ಸುಟ್ಟಾಗ ಅದನ್ನ ಹಚ್ಕೋತಿದ್ರು. ರಾಬರ್ಟ್ ಚೀಸ್‌ಬ್ರೊ ಅನ್ನೋ ರಸಾಯನ ಪಂಡಿತ ಅದನ್ನ ಒಯ್ದು, ವರ್ಷಗಟ್ಟಲೆ ಶುದ್ಧ ಮಾಡಿ, 1872ರಾಗ ಪೇಟೆಂಟ್ ತಗೊಂಡ.

ಅದರಾಗ ಔಷಧಿ ಏನೂ ಇಲ್ರಿ. ತೊಗಲಿನ ಹಸಿ ಆರದಂಗ ಮುಚ್ಚತದ, ಅಷ್ಟ. ಕೂಸಿನ ಇಸಬಿಗೆ ಅದ ಬೇಕು. ತೊಗಲು ಒಣಗಿದಷ್ಟು ತುರಿಕೆ, ತುರಿಸಿದಷ್ಟು ಗಾಯ. ಅದಕ್ಕ ಕೂಸಿಗೆ ಎರದ ಮ್ಯಾಲ ಮೆಲ್ಲಕ ಒರಸಿ, ಮೈ ಇನ್ನೂ ಹಸಿ ಇದ್ದಾಗನ ಹಚ್ಚಬೇಕು.

ಆದ್ರ ಕೆಂಪು, ಉರಿ ಇಳಿಸೋದು ಡಬ್ಬಿ ಕೈಲಾಗೂದಿಲ್ಲ. ಹಿಂದಕ್ಕ ತುರಿಸ್ಕೋಬಾರದಂತ ಕೂಸಿನ ಕೈ ಕಟ್ಟತಿದ್ರಂತ. 1952ರಾಗ ಅಮೆರಿಕಾದ ಡಾಕ್ಟರ್ ಸುಲ್ಜ್‌ಬರ್ಗರ್, ವಿಟ್ಟನ್ ಇಬ್ಬರೂ ಕೂಡಿ ಹೈಡ್ರೋಕಾರ್ಟಿಸೋನ್ ಮುಲಾಮು ಇಸಬಿಗೆ ಹಚ್ಚಿ ನೋಡಿದ್ರು, ಉರಿ ಇಳೀತು. ಈಗ ಡಾಕ್ಟರು ಬರದುಕೊಡೋ ಟ್ಯೂಬು ಅದರ ಬಳಗದ್ದ. ಜೋರಿಂದು ಬಾಳ ದಿನ ಹಚ್ಚಿದ್ರ ತೊಗಲು ತೆಳ್ಳಗಾಗತದ. ಇಸಬು ಅಂತ ತಿಳದು ಗಜಕರ್ಣಕ್ಕ ಹಚ್ಚಿದ್ರ ಅದು ಇನ್ನಷ್ಟು ಹರಡತದ.

ಅದಕ್ಕ ಡಬ್ಬಿ ದಿನಾ ಹಚ್ರಿ, ಟ್ಯೂಬು ಡಾಕ್ಟರು ಹೇಳಿದಷ್ಟ ದಿನ. ಒಬ್ಬರ ಕೂಸಿಗೆ ಬರದದ್ದು ಇನ್ನೊಬ್ಬರ ಕೂಸಿಗೆ ಕೊಡಬ್ಯಾಡ್ರಿ. ಗಾಯ ಸೋರಿದ್ರ, ಜ್ವರ ಬಂದ್ರ ತಡಾ ಮಾಡದ ತೋರಿಸ್ರಿ ನಮ್ಮವ್ವಾ.