ಕೀಲಿ ತಿರುಗಿಸಿದಾಗಿನ ಸದ್ದು

1912ರ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದಮೇಲೆ, ಎಂಜಿನ್ ಶುರುಮಾಡಲು ಕೈಯಿಂದ ತಿರುಗಿಸಬೇಕಿದ್ದ, ಒಮ್ಮೊಮ್ಮೆ ಕೈಯನ್ನೇ ಮುರಿಯುತ್ತಿದ್ದ ಹ್ಯಾಂಡಲ್ ಕ್ರಮೇಣ ಮೂಲೆ ಸೇರಿತು. ಜೊತೆಗೇ ಮೆಕ್ಯಾನಿಕ್‌ಗಳಿಗೆ ಗಾಡಿ ಸ್ಟಾರ್ಟ್ ಆಗದಿದ್ದಾಗ ಕಾರಣ ಹುಡುಕುವ ಹೊಸ ವಿದ್ಯೆಯೊಂದು ಬೇಕಾಯಿತು. ಅದು ಬೆಳೆದದ್ದು ಹೆಚ್ಚಾಗಿ ಕಿವಿಯಿಂದ. ಒಂದೇ ಒಂದು ‘ಟಕ್’ ಕೇಳಿದರೆ ಮೋಟಾರಿಗೆ ವಿದ್ಯುತ್ ಬಿಡುವ ಸೊಲೆನಾಯ್ಡ್ ಸ್ವಿಚ್ ಎಳೆದಿದೆ, ಮೋಟಾರ್ ತಿರುಗಿಲ್ಲ. ಮೋಟಾರ್ ಬರಿದೇ ಗಿರ್ರೆಂದರೆ ಅದರ ಪುಟ್ಟ ಗಿಯರಾದ ಪಿನಿಯನ್ನಿನ ಹಲ್ಲು ಎಂಜಿನ್ನಿನ ಫ್ಲೈವೀಲ್‌ಗೆ ಕಚ್ಚಿಲ್ಲ. ಇದೆಲ್ಲ ಬರೀ ಊಹೆಯಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ: ಬ್ಯಾಟರಿ ಇಳಿದಿದ್ದರೂ, ಟರ್ಮಿನಲ್‌ಗೆ ಬಿಳಿ ಪುಡಿ ಹಿಡಿದಿದ್ದರೂ ಅದೇ ಟಕ್. ಆದರೆ ಪಳಗಿದ ಮೆಕ್ಯಾನಿಕ್ ಸದ್ದೊಂದನ್ನೇ ನಂಬಿದವನಲ್ಲ. ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿ ನೋಡುತ್ತಿದ್ದ. ದೀಪ ಪೂರಾ ಮಂಕಾದರೆ ಮೊದಲ ಅನುಮಾನ ಬ್ಯಾಟರಿ, ಟರ್ಮಿನಲ್‌ಗಳ ಮೇಲೆ. ಮಂಕಾಗದಿದ್ದರೆ ಸೊಲೆನಾಯ್ಡಿನ ಸುಟ್ಟ ಕಾಂಟ್ಯಾಕ್ಟ್ ಅಥವಾ ಸವೆದ ಕಾರ್ಬನ್ ಬ್ರಷ್ ಮೇಲೆ. ಮೋಟಾರ್ ಬಿಚ್ಚುವ ಮಾತು ಆಮೇಲಿನದು.