ಮೆಲ್ಕಾರಿನ ಬಸ್ಸು, ದೂರದ ಗ್ರಹ

ಮೆಲ್ಕಾರ್ ಜಂಕ್ಷನ್ನಿನಲ್ಲಿ ನಿಂತು ಹೆದ್ದಾರಿಯ ಬಸ್ಸಿನ ಹಾರ್ನ್ ಯಾವತ್ತಾದ್ರೂ ಗಮನಿಸಿದ್ದೀರಾ ವೀಕ್ಷಕರೇ? ಹತ್ತಿರ ಬರುವಾಗ ಕೀರಲು, ದಾಟಿದ ಕೂಡಲೇ ದಪ್ಪ. ಇದನ್ನೇ ನಾನು ಇಂಜಿನಿಯರಿಂಗಿನಲ್ಲಿ ಡಾಪ್ಲರ್ ಪರಿಣಾಮ ಅಂತ ಓದಿ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ.

ಬೆಳಕಿನದ್ದೂ ಇದೇ ಕಥೆ. ಭಾರೀ ಗ್ರಹವೊಂದು ಸುತ್ತುತ್ತಿದ್ದರೆ ನಕ್ಷತ್ರವೂ ಅದರ ಸೆಳೆತಕ್ಕೆ ಸ್ವಲ್ಪ ಹಿಂದೆ ಮುಂದೆ ಆಡುತ್ತದೆ. ನಮ್ಮತ್ತ ಬಂದಾಗ ಅದರ ಬೆಳಕು ನೀಲಿಯತ್ತ, ದೂರ ಸರಿದಾಗ ಕೆಂಪಿನತ್ತ ಜಾರುತ್ತದೆ. ದೊಡ್ಡ ಗ್ರಹಗಳು ನಕ್ಷತ್ರದ ತೀರಾ ಹತ್ತಿರವೂ ಇರಬಹುದು, ಹೀಗೆ ಹುಡುಕಿ ಅಂತ ಆಟೊ ಸ್ಟ್ರೂವ್ 1952ರಲ್ಲೇ ಬರೆದಿದ್ದರು. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಗುರುವಿಗೆ ಒಂದು ಸುತ್ತಿಗೆ ಸುಮಾರು 12 ವರ್ಷ. ಎಲ್ಲ ಕಡೆಯೂ ಹಾಗೇ ಅಂದುಕೊಂಡರು.

1995ರ ಅಕ್ಟೋಬರ್, ಇಟಲಿಯ ಫ್ಲಾರೆನ್ಸ್. ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೊ ಸುದ್ದಿ ಸಿಡಿಸಿದರು: ಸುಮಾರು 50 ಜ್ಯೋತಿರ್ವರ್ಷ ದೂರದ 51 ಪೆಗಾಸಿ ನಕ್ಷತ್ರಕ್ಕೆ, ಗುರುವಿನ ಅರ್ಧದಷ್ಟು ತೂಕದ ಗ್ರಹವೊಂದು ಬರೀ 4.2 ದಿನಕ್ಕೊಮ್ಮೆ ಸುತ್ತು ಹಾಕುತ್ತಿದೆ! ಅದೇ ಸಮ್ಮೇಳನದಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿಯವರ ತಂಡ ಗ್ರಹವೂ ಅಲ್ಲದ, ಪೂರ್ತಿ ನಕ್ಷತ್ರವೂ ಅಲ್ಲದ ಕಂದು ಕುಬ್ಜವೊಂದನ್ನು ಪ್ರಕಟಿಸಿತು.

ಅಮೆರಿಕದ ಜೆಫ್ ಮಾರ್ಸಿ, ಪಾಲ್ ಬಟ್ಲರ್ ವರ್ಷಗಟ್ಟಲೆ ಕೂಡಿಟ್ಟ ಮಾಹಿತಿಯನ್ನು ಆಮೇಲೆ ಜಾಲಾಡಿದರು. ಅದರೊಳಗೇ ಇನ್ನೆರಡು ಗ್ರಹ ಕೂತಿದ್ದವು! ಮೇಯರ್, ಕೆಲೊಗೆ 2019ರಲ್ಲಿ ನೊಬೆಲ್ ಬಂತು.

ಸುದ್ದಿಮನೆಯಲ್ಲಿ "ಅಲ್ಲೇನೂ ಇರಲ್ಲ ಬಿಡಿ" ಅಂತ ನಾನೂ ಎಷ್ಟೋ ಫೈಲು ಪಕ್ಕಕ್ಕಿಟ್ಟಿದ್ದೇನೆ. ಈಗ ಒಮ್ಮೆ ತೆಗೆದು ನೋಡಬೇಕು.