ಶತಪಥ ತಿರುಗುತ್ತಿದ್ದ ಅಪ್ಪಂದಿರು

ಹಳೇ ಅಮೆರಿಕನ್ ಸಿನಿಮಾ, ಕಾರ್ಟೂನು ನೋಡಿದವರಿಗೆ ಈ ದೃಶ್ಯ ಗೊತ್ತಿರುತ್ತೆ. ಆಸ್ಪತ್ರೆಯ ಒಂದು ಕೋಣೆ, ಗೋಡೆ ಮೇಲೊಂದು ಗಡಿಯಾರ, ತುಂಬಿದ ಆಶ್‌ಟ್ರೇ, ಟೈ ಸಡಿಲ ಮಾಡಿಕೊಂಡು ಶತಪಥ ತಿರುಗುತ್ತಿರೋ ಗಂಡಸು. ಬಾಗಿಲು ತೆಗೆದು ನರ್ಸು ಬಂದು ಗಂಡೋ ಹೆಣ್ಣೋ ಅಂತ ಹೇಳ್ತಾಳೆ. ಇವನು ಎಲ್ಲರಿಗೂ ಸಿಗಾರ್ ಹಂಚುತ್ತಾನೆ. ಅಲ್ಲಿಗೆ ಅಪ್ಪನಾಗೋ ಕೆಲಸ ಮುಗೀತು!

1953ರ ಜನವರಿ 19ರ ರಾತ್ರಿ 'ಐ ಲವ್ ಲೂಸಿ' ಧಾರಾವಾಹಿಯಲ್ಲಿ ಲೂಸಿಗೆ ಮಗುವಾದದ್ದನ್ನು ಸುಮಾರು 4.4 ಕೋಟಿ ಜನ ನೋಡಿದರು. 'ಬಸುರಿ' ಅನ್ನೋ ಪದವನ್ನೇ ಟೀವಿಯಲ್ಲಿ ಆಡಬಾರದು ಅನ್ನುತ್ತಿದ್ದ ಕಾಲ ಅದು. ಹೆರಿಗೆಯ ಕಂತಿನಲ್ಲಿ ಹೆರಿಗೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ನಗುವೆಲ್ಲ ಗಂಡ ರಿಕಿಯ ಗಾಬರಿ ಮೇಲೆ.

ಇದು ಅನಾದಿ ಕಾಲದಿಂದ ಹೀಗೇ ಇತ್ತೇನೋ ಅನ್ನಿಸುತ್ತೆ ಅಲ್ವಾ? ಇಲ್ಲ. ಈ ವೇಟಿಂಗ್ ರೂಮಿನ ಆಯಸ್ಸು ಹೆಚ್ಚೆಂದರೆ ಐವತ್ತು ವರ್ಷ. 1900ರ ಹೊತ್ತಿಗೆ ಅಮೆರಿಕದಲ್ಲಿ ನೂರಕ್ಕೆ ಐದು ಮಕ್ಕಳೂ ಆಸ್ಪತ್ರೆಯಲ್ಲಿ ಹುಟ್ಟುತ್ತಿರಲಿಲ್ಲ. ಹೆರಿಗೆ ಮನೆಯಲ್ಲೇ. ಸೂಲಗಿತ್ತಿಯೋ ಡಾಕ್ಟರೋ ಬಂದರೆ ನೀರು ಕಾಯಿಸಿ ಕೊಡೋಕೆ, ದೀಪ ಹಿಡಿಯೋಕೆ, ಕೆಲವೊಮ್ಮೆ ಹೆಂಡತಿಯನ್ನು ಹಿಂದಿನಿಂದ ಆನಿಸಿ ಹಿಡಿದುಕೊಳ್ಳೋಕೆ ಗಂಡ ಅಲ್ಲೇ ಇರುತ್ತಿದ್ದ. 1940ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೆರಿಗೆಗಳು ಆಸ್ಪತ್ರೆಗೆ ಹೋದವು. 1950ಕ್ಕೆ ಶೇಕಡಾ 88, 1969ಕ್ಕೆ ಶೇಕಡಾ 99. ಅಂದರೆ ಗಂಡನಿಗೂ ಹೆರಿಗೆಗೂ ನಡುವಿನ ಗೋಡೆ ಎದ್ದಿದ್ದು ಒಂದೇ ತಲೆಮಾರಿನಲ್ಲಿ.

ಸೋಂಕಿನ ಭಯ ಒಂದು ಕಾರಣ, ಅದು ಸುಳ್ಳು ಭಯವೇನಲ್ಲ. ಇನ್ನೊಂದು ಕಾರಣ ಔಷಧಿ. ಜರ್ಮನಿಯ ಫ್ರೈಬರ್ಗ್‌ನಲ್ಲಿ ಶುರುವಾದ 'ಟ್ವಿಲೈಟ್ ಸ್ಲೀಪ್' ಅನ್ನೋ ಪದ್ಧತಿ 1914ರಲ್ಲಿ ಇಲ್ಲಿನ ಪತ್ರಿಕೆಗಳ ಮೂಲಕ ಮನೆಮಾತಾಯ್ತು. ಮಾರ್ಫಿನ್ ಜೊತೆ ಸ್ಕೋಪಾಲಮಿನ್ ಕೊಡೋದು. ಇದರ ವಿಶೇಷ ಏನಪ್ಪಾ ಅಂದ್ರೆ ಅದು ನೋವಿಗಿಂತ ಹೆಚ್ಚಾಗಿ ನೋವಿನ ನೆನಪನ್ನು ಅಳಿಸುತ್ತಿತ್ತು. ಹೆಂಗಸರು ಕಿರುಚುತ್ತಿದ್ದರು, ಹೊರಳಾಡುತ್ತಿದ್ದರು, ಬೀಳಬಾರದು ಅಂತ ಅವರನ್ನು ಮಂಚಕ್ಕೆ ಕಟ್ಟಿಹಾಕುತ್ತಿದ್ದದ್ದೂ ಉಂಟು. ಬೆಳಿಗ್ಗೆ ಎದ್ದಾಗ ಏನೂ ನೆನಪಿಲ್ಲ, ಪಕ್ಕದಲ್ಲಿ ಮಗು. ಹೆತ್ತವಳಿಗೇ ನೆನಪಿಲ್ಲದ ಹೆರಿಗೆಯಲ್ಲಿ ಗಂಡನಿಗೇನು ಕೆಲಸ?

ಹಾಗಾದ್ರೆ ಹೊರಗೆ ಕೂತವನಿಗೆ ಏನನ್ನಿಸುತ್ತಿತ್ತು? ಇದಕ್ಕೊಂದು ಅಪರೂಪದ ದಾಖಲೆ ಸಿಕ್ಕಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಇತಿಹಾಸಕಾರ್ತಿ ಜುಡಿತ್ ವಾಲ್ಜರ್ ಲೆವಿಟ್ 2009ರಲ್ಲಿ ಬರೆದ 'ಮೇಕ್ ರೂಮ್ ಫಾರ್ ಡ್ಯಾಡಿ' ಅನ್ನೋ ಪುಸ್ತಕ ಇದರ ಬಗ್ಗೆಯೇ. ಚಿಕಾಗೋದ ವೆಸ್ಲಿ ಮೆಮೋರಿಯಲ್ ಆಸ್ಪತ್ರೆಯ ವೇಟಿಂಗ್ ರೂಮಿನಲ್ಲಿ ಅಪ್ಪಂದಿರಿಗೆ ಬರೆಯೋಕೆ ಅಂತ ನೋಟ್‌ಬುಕ್ ಇಟ್ಟಿರುತ್ತಿದ್ದರಂತೆ. ಆ ರೂಮಿಗೆ 'ಸ್ಟಾರ್ಕ್ ಕ್ಲಬ್' ಅಂತ ಅಡ್ಡಹೆಸರು, ಮಗು ತರೋ ಕೊಕ್ಕರೆಯ ಕಥೆಯಿಂದ ಬಂದದ್ದು. ರಾತ್ರಿಯಿಡೀ ಕೂತವರು ಅದರಲ್ಲಿ ಬೇಸರ ಬರೆದಿದ್ದಾರೆ, ಜೋಕು ಬರೆದಿದ್ದಾರೆ, ಮುಂದೆ ಬರೋ ಅಪರಿಚಿತನಿಗೆ ಧೈರ್ಯ ಹೇಳಿದ್ದಾರೆ. ಹೆಂಡತಿ ಒಳಗೆ ಒಬ್ಬಳೇ ಇದಾಳೆ, ತನಗೆ ಇಲ್ಲಿ ಕೂರೋದು ಬಿಟ್ಟು ಬೇರೇನೂ ಗೊತ್ತಿಲ್ಲ ಅನ್ನೋ ಸಂಕಟವೂ ಅಲ್ಲಿದೆ. ಆ ಪೆದ್ದು ಅಪ್ಪನ ಕಾರ್ಟೂನು ಬರೆದವರು ಈ ನೋಟ್‌ಬುಕ್ ಓದಿರಲಾರರು. 'ಗಂಡಸರಿಗೆ ಇದೆಲ್ಲ ಬೇಕಿರಲಿಲ್ಲ' ಅನ್ನೋ ಮಾತನ್ನು ನಾನು ನಂಬದೇ ಇರೋದಕ್ಕೆ ಇದೇ ಕಾರಣ. ಬೇಕಿತ್ತು. ಬಾಗಿಲು ಹಾಕಿತ್ತು.

ಬಾಗಿಲು ತೆಗೆಸಿದವರು ಮಾತ್ರ ಹೆಚ್ಚಾಗಿ ಹೆಂಗಸರೇ. ಮಾರ್ಜರಿ ಕಾರ್ಮೆಲ್ ಅನ್ನೋ ಅಮೆರಿಕನ್ ಮಹಿಳೆ ಪ್ಯಾರಿಸ್‌ನಲ್ಲಿ ಡಾ. ಲಮಾಝ್ ಬಳಿ ಹೆರಿಗೆ ಮಾಡಿಸಿಕೊಂಡು, ಆ ಅನುಭವವನ್ನು 1959ರಲ್ಲಿ ಪುಸ್ತಕವಾಗಿ ಬರೆದರು. ಮುಂದಿನ ವರ್ಷವೇ ಎಲಿಜಬೆತ್ ಬಿಂಗ್ ಜೊತೆ ಸೇರಿ ಸಂಘ ಕಟ್ಟಿದರು. ಉಸಿರಾಟದ ತರಬೇತಿಗೆ ಗಂಡ ಹೆಂಡತಿ ಇಬ್ಬರೂ ಬರಬೇಕು. ಡೆನ್ವರ್‌ನ ಡಾ. ರಾಬರ್ಟ್ ಬ್ರಾಡ್ಲಿ 1965ರಲ್ಲಿ ಗಂಡನನ್ನು 'ಕೋಚ್' ಅಂತ ಕರೆದು ಒಂದು ಪುಸ್ತಕವನ್ನೇ ಬರೆದರು. (ಹೆಂಡತಿಯ ಕೈ ಹಿಡಿದುಕೊಳ್ಳೋಕೂ ಅಮೆರಿಕದ ಗಂಡಸಿಗೆ ಆಟದ ಮೈದಾನದ ಹೆಸರು ಬೇಕಾಯ್ತು ನೋಡಿ!) ಉತ್ತರ ಕ್ಯಾಲಿಫೋರ್ನಿಯಾದ ಆರ್ಕೇಟಾ ಊರಲ್ಲಿ ಅರವತ್ತರ ದಶಕದಲ್ಲಿ ಒಬ್ಬ ಕಾಲೇಜು ಹುಡುಗ ತನ್ನ ಕೈಗೂ ಹೆಂಡತಿಯ ಕೈಗೂ ಸರಪಳಿ ಬಿಗಿದುಕೊಂಡು ಹೆರಿಗೆ ಕೋಣೆಯಲ್ಲೇ ಉಳಿದುಬಿಟ್ಟ. ಆಸ್ಪತ್ರೆಯವರು ಪೊಲೀಸರನ್ನು ಕರೆಸಿದರು.

ಕೋರ್ಟೇನೂ ಕೈ ಹಿಡಿಯಲಿಲ್ಲ. ಇಂಡಿಯಾನಾದ ಪೋರ್ಟರ್ ಮೆಮೋರಿಯಲ್ ಆಸ್ಪತ್ರೆ ವಿರುದ್ಧ ಕೆಲವು ದಂಪತಿಗಳು ಕೇಸು ಹಾಕಿದರು. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಗಂಡ ಇರೋದು ಸಂವಿಧಾನ ಕೊಟ್ಟ ಹಕ್ಕಲ್ಲ ಅಂತ 1975ರಲ್ಲಿ ಫೆಡರಲ್ ಅಪೀಲು ನ್ಯಾಯಾಲಯ ತೀರ್ಪು ಕೊಟ್ಟಿತು. ಬರೆದವರು ಜಾನ್ ಪಾಲ್ ಸ್ಟೀವನ್ಸ್, ಅದೇ ವರ್ಷ ಸುಪ್ರೀಂ ಕೋರ್ಟಿಗೆ ಹೋದವರು. ಆದರೆ ತೀರ್ಪಿನ ಶಾಯಿ ಆರೋ ಹೊತ್ತಿಗೆ ಆಸ್ಪತ್ರೆಗಳೇ ಬದಲಾಗುತ್ತಿದ್ದವು. ಎಂಬತ್ತರ ದಶಕಕ್ಕೆ ಗಂಡ ಒಳಗಿರೋದು ಮಾಮೂಲಾಯ್ತು. ಸ್ವಂತ ರೂಮಿಗೆ ದುಡ್ಡು ಕೊಡಬಲ್ಲವರಿಗೆ ಬಾಗಿಲು ಮೊದಲು ತೆರೆಯಿತು, ಸಾಲು ಮಂಚದ ಸಾಮಾನ್ಯ ವಾರ್ಡಿನವರಿಗೆ ಆಮೇಲೆ. ಇದೂ ಮಾಮೂಲೇ.

ಆಸ್ಪತ್ರೆ ಬಾಗಿಲು ತೆಗೆದರೂ ಆಫೀಸಿನ ಬಾಗಿಲು ಬಿಡಲಿಲ್ಲ. 1993ರಲ್ಲಿ ಕ್ಲಿಂಟನ್ ಸಹಿ ಹಾಕಿದ ಕಾನೂನು 50 ಜನಕ್ಕಿಂತ ಕಡಿಮೆಯಿಲ್ಲದ ಕಂಪನಿಗಳಲ್ಲಿ ಅಪ್ಪನಿಗೂ ಅಮ್ಮನಿಗೂ 12 ವಾರ ರಜೆ ಕೊಟ್ಟಿತು, ಸಂಬಳ ಇಲ್ಲದೆ. ಅದರ ಮರುವರ್ಷ ಮೇರಿಲ್ಯಾಂಡ್ ಪೊಲೀಸ್ ಇಲಾಖೆಯ ಹೆಲಿಕಾಪ್ಟರ್ ಪ್ಯಾರಾಮೆಡಿಕ್ ಕೆವಿನ್ ನಸ್ಮನ್ ಮಗಳ ಆರೈಕೆಗೆ ರಜೆ ಕೇಳಿದರು. ಹೆಂಡತಿಗೂ ಹುಷಾರಿರಲಿಲ್ಲ. ಮಗುವನ್ನು ಮುಖ್ಯವಾಗಿ ನೋಡಿಕೊಳ್ಳುವವರು ಅಂತ ನಿಮಗೆ ರಜೆ ಸಿಗಬೇಕಾದ್ರೆ ನಿಮ್ಮ ಹೆಂಡತಿ ಕೋಮಾದಲ್ಲಿರಬೇಕು ಇಲ್ಲಾ ಸತ್ತಿರಬೇಕು ಅನ್ನೋ ಉತ್ತರ ಬಂತು. ಜನರ ಪ್ರಾಣ ಉಳಿಸೋ ಕೆಲಸದವನಿಗೆ ಸ್ವಂತ ಮಗು ನೋಡಿಕೊಳ್ಳೋಕೆ ಬರಲ್ಲ ಅಂತ ಅರ್ಥ! ಅವರು ಕೇಸು ಹಾಕಿದರು. 1999ರಲ್ಲಿ ಜ್ಯೂರಿ 3,75,000 ಡಾಲರ್ ಪರಿಹಾರ ಕೊಡಿ ಅಂದಿತು. ಮುಂದೆ ಮೇಲ್ಮನವಿಯಲ್ಲಿ ಮೊತ್ತ ಜಾಸ್ತಿಯಾಯ್ತು ಅಂತಾಗಿ ಕೊನೆಗೆ 40,000ಕ್ಕೆ ಇಳಿಯಿತು. ಆದರೆ ತಾರತಮ್ಯ ಆಗಿದೆ ಅನ್ನೋದು ಉಳಿಯಿತು.

ಕಾನೂನು ಕೊಟ್ಟರೂ ಮಗು ಎತ್ತಿಕೊಳ್ಳೋದನ್ನು ಯಾರು ಹೇಳಿಕೊಡಬೇಕು? 1990ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ 'ಬೂಟ್ ಕ್ಯಾಂಪ್ ಫಾರ್ ನ್ಯೂ ಡ್ಯಾಡ್ಸ್' ಅಂತ ಶುರುವಾಯ್ತು. ನನಗೆ ಬಹಳ ಇಷ್ಟವಾದ ಉಪಾಯ ಇದು. ಪಾಠ ಮಾಡೋಕೆ ಡಾಕ್ಟರೂ ಇಲ್ಲ, ನರ್ಸೂ ಇಲ್ಲ, ರೂಮಿನಲ್ಲಿ ಹೆಂಗಸರೇ ಇಲ್ಲ. ಎರಡು ಮೂರು ತಿಂಗಳ ಹಿಂದೆ ಅಪ್ಪನಾದವನು ತನ್ನ ಮಗುವನ್ನೇ ಎತ್ತಿಕೊಂಡು ಬರ್ತಾನೆ. ಇನ್ನೂ ಅಪ್ಪನಾಗಬೇಕಾದವನ ಕೈಗೆ ಅದನ್ನು ಕೊಡ್ತಾನೆ. ಮಗು ಅತ್ತರೆ ಇನ್ನೂ ಒಳ್ಳೇದು, ಪಾಠ ಅಲ್ಲೇ ಆಗುತ್ತೆ. ಸ್ಟಾರ್ಕ್ ಕ್ಲಬ್ಬಿನ ನೋಟ್‌ಬುಕ್ ಮಾಡುತ್ತಿದ್ದದ್ದೂ ಇದೇ ಕೆಲಸವಲ್ಲವಾ, ಮುಂದೆ ಬರೋವನಿಗೆ ಧೈರ್ಯ ಹೇಳೋದು?

ಈಗ ನಮ್ಮವರ ಕಥೆಗೆ ಬರೋಣ. ನಮ್ಮಲ್ಲಿ ಗೋಡೆ ಕಟ್ಟಿದ್ದು ಆಸ್ಪತ್ರೆಯಲ್ಲ, ತವರುಮನೆ. ಚೊಚ್ಚಲು ಹೆರಿಗೆ ತವರಲ್ಲಿ, ಬಾಣಂತನ ಅಲ್ಲೇ, ಅಪ್ಪ ಇನ್ನೆಲ್ಲೋ. ನಾನು ಹುಟ್ಟಿದ ಸುದ್ದಿ ನಮ್ಮಪ್ಪನಿಗೆ ತಲುಪಿದ್ದು ಕಾರ್ಡಿನಲ್ಲಿ, ನನ್ನ ಮುಖ ನೋಡಿದ್ದು ನಾಮಕರಣದ ದಿನ. ಅದೇ ಅಪ್ಪನ ಮಗ ನಾನು ಸಾನ್ ಹೋಸೆಯಲ್ಲಿ ಹೆರಿಗೆ ಕೋಣೆಯೊಳಗೆ ನಿಂತಿದ್ದೆ, 'ಈ ಕಾಲು ನೀವು ಹಿಡ್ಕೊಳ್ಳಿ' ಅಂತ ನರ್ಸಮ್ಮ ಅಂದಾಗ ಹಿಡಿದುಕೊಂಡೆ. ಅತ್ತೆಯವರ ವೀಸಾ ಬಂದಿರಲಿಲ್ಲ, ಮೊದಲ ಎಣ್ಣೆಸ್ನಾನವೂ ನನ್ನ ಕೈಯಲ್ಲೇ ಆಯ್ತು. ಇಲ್ಲಿನವರು ಸರಪಳಿ ಹಾಕಿಕೊಂಡು, ಕೋರ್ಟು ಹತ್ತಿ ಪಡೆದದ್ದು ನಮಗೆ ವಿಮಾನ ಇಳಿದ ತಕ್ಷಣ ಸಿಕ್ಕಿತು.

ಕಷ್ಟಪಡದೆ ಸಿಕ್ಕಿದ್ದು ಅಷ್ಟೇ ಬೇಗ ಕೈಬಿಟ್ಟುಹೋಗುತ್ತೆ. ಊರಿಂದ ಅಂಟಿನುಂಡೆ ಡಬ್ಬಿ ಹಿಡಿದು ಅಮ್ಮಂದಿರು ಬಂದಿಳಿದ ದಿನವೇ 'ಬಿಡಪ್ಪಾ, ನಿಂಗೆ ಗೊತ್ತಾಗಲ್ಲ, ನೀನು ಆಫೀಸಿಗೆ ಹೋಗು' ಅನ್ನೋ ಮಾತು ಬರುತ್ತೆ. ಪ್ರೀತಿಯಿಂದಲೇ. ಎಷ್ಟೋ ಹುಡುಗರು ನೆಮ್ಮದಿಯಿಂದಲೇ ಹೊರಟುಬಿಡ್ತಾರೆ. ಮಗು ಎತ್ತಿಕೊಳ್ಳೋದು ಹೆಂಗಸರಿಗೂ ಹುಟ್ಟಿನಿಂದ ಬಂದ ವಿದ್ಯೆಯಲ್ಲ, ಮೊದಲ ವಾರಗಳಲ್ಲಿ ಕಲಿಯೋದು. ಆ ವಾರಗಳಲ್ಲಿ ಇಲ್ಲದವನು ಆಮೇಲೆ ಸದಾ ಅತಿಥಿ ಕಲಾವಿದ.

ಊರಲ್ಲಿ ಕಾನೂನೂ ಹೆಚ್ಚೇನೂ ಹೇಳೋದಿಲ್ಲ. ಕೇಂದ್ರ ಸರ್ಕಾರದ ಗಂಡು ನೌಕರರಿಗೆ 1997ರಲ್ಲಿ 15 ದಿನದ ಪಿತೃತ್ವ ರಜೆ ಬಂತು. ಅಮ್ಮಂದಿರ ರಜೆಯನ್ನು 26 ವಾರಕ್ಕೆ ಏರಿಸಿದ 2017ರ ತಿದ್ದುಪಡಿಯಲ್ಲಿ ಅಪ್ಪನ ಸುದ್ದಿಯೇ ಇಲ್ಲ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 2004ರ ಜುಲೈಯಿಂದ ಅಪ್ಪನಿಗೂ ಸಂಬಳದ ಒಂದು ಭಾಗ ಸಿಗೋ ರಜೆ ಇದೆ. ಅಮೆರಿಕದಲ್ಲಿ ಇದನ್ನು ಮೊದಲು ಮಾಡಿದ ರಾಜ್ಯ ಇದೇ. ಮೊದಲು ಆರು ವಾರ ಇತ್ತು, 2020ರಿಂದ ಎಂಟು ವಾರ. 2025ರಿಂದ ಒಂದು ಮಿತಿಯೊಳಗೆ ಸಂಬಳದ ಶೇಕಡಾ 70ರಿಂದ 90 ಬರುತ್ತೆ. ಯಾರ ದಾನವೂ ಅಲ್ಲ, ನಮ್ಮದೇ ಪೇಚೆಕ್ಕಿನಲ್ಲಿ ಕಡಿದುಕೊಂಡ ದುಡ್ಡು. ಮೊನ್ನೆ ಕನ್ನಡ ಕೂಟದಲ್ಲಿ ಸಿಕ್ಕ ದಾವಣಗೆರೆ ಕಡೆಯ ಹುಡುಗನೊಬ್ಬ, ಹೆಂಡತಿಗೆ ಏಳು ತಿಂಗಳು, ಮೆಲ್ಲಗೆ ಕೇಳಿದ: 'ಅಣ್ಣಾ, ನಾನು ಎರಡು ವಾರ ರಜೆ ಹಾಕಿದ್ರೆ ಮ್ಯಾನೇಜರ್ ಏನಂದ್ಕೋತಾನೋ?' ಎಂಟು ವಾರ ನಿನ್ನದಪ್ಪಾ ಅಂದೆ. ಅಮ್ಮ ಬರ್ತಾರಲ್ಲ ಅಂದ. ಬರಲಿ, ನಿಮ್ಮಮ್ಮನ ಹತ್ತಿರವೇ ಎಣ್ಣೆ ನೀರು ಹಾಕೋದು ಕಲ್ತ್ಕೋ ಅಂದೆ. ಸ್ವಲ್ಪ ಹೊತ್ತು ಯೋಚಿಸಿ ನಾಲ್ಕು ವಾರಕ್ಕೆ ಒಪ್ಪಿದ್ದಾನೆ. ಉಳಿದ ನಾಲ್ಕು ವಾರವನ್ನು ಮಗುವಿಗೆ ವರ್ಷ ತುಂಬೋದರೊಳಗೆ ಯಾವಾಗ ಬೇಕಾದ್ರೂ ತಗೋಬಹುದು ಅಂತ ಫಾರಂ ಸಮೇತ ತೋರಿಸಿ ಕಳಿಸಿದೀನಿ.